ಕೈಗೆಟುಕುವ ಬೇಟೆ: ಅರಬ್ ಮರುಭೂಮಿಯ ಚರಿತ್ರೆ ಕಲಿಸುವ ಪಾಠ

ಅರೇಬಿಯದ ಮರುಭೂಮಿ ಎಂದೊಡನೆ ನಮ್ಮ ಕಣ್ಣ ಮುಂದೆ ಮರಳು, ಒಂಟೆ, ಖರ್ಜೂರದ ತೋಟಗಳು ಮೂಡುತ್ತವೆ. ಬೇಟೆಯ ಚಿತ್ರ ಮೂಡುವುದು ಅಪರೂಪ. ಆದರೆ ಪವಿತ್ರ ಕುರ್‌ಆನಿನ ಐದನೆಯ ಅಧ್ಯಾಯವಾದ ಸೂರಃ ಅಲ್ ಮಾಇದಃವನ್ನು ತೆರೆದರೆ ಮೊದಲ ಸೂಕ್ತದಲ್ಲೇ ಬೇಟೆಯ ಪ್ರಸ್ತಾಪವಿದೆ. ಎರಡನೆಯ ಮತ್ತು ನಾಲ್ಕನೆಯ ಸೂಕ್ತಗಳಲ್ಲಿ ಅದು ಮುಂದುವರಿಯುತ್ತದೆ. 94ರಿಂದ 96ರವರೆಗಿನ ಸೂಕ್ತಗಳಲ್ಲಿ ಮತ್ತೆ ವಿಸ್ತಾರವಾಗಿ ಬರುತ್ತದೆ. ಹದೀಸ್ ಸಂಗ್ರಹಗಳಲ್ಲಿ ಬೇಟೆಗೆಂದೇ ಪ್ರತ್ಯೇಕ ಅಧ್ಯಾಯಗಳಿವೆ. ಮಸೀದಿಯಲ್ಲಿ ಈ ಭಾಗಗಳನ್ನು ಓದುವಾಗ, ಬೇಟೆಯ ಗಂಧವೂ ಇಲ್ಲದ ನಮಗೆ ಇವುಗಳಿಂದೇನು ಎಂಬ ಪ್ರಶ್ನೆ ಕೆಲವರಲ್ಲಾದರೂ ಏಳುತ್ತದೆ. ಆ ಪ್ರಶ್ನೆಗೆ ಉತ್ತರ ಬೇಕಾದರೆ ಮೊದಲು ಆ ಮರುಭೂಮಿಯನ್ನೂ ಅಲ್ಲಿನ ಬೇಟೆಪ್ರಾಣಿಗಳನ್ನೂ ಬೇಟೆಗಾರನನ್ನೂ ಅರಿಯಬೇಕು. ಅನಂತರ, 1,300 ವರ್ಷಗಳ ಕಾಲ ಉಳಿದುಬಂದ ಆ ಪ್ರಾಣಿಸಂಪತ್ತು ಇಪ್ಪತ್ತನೆಯ ಶತಮಾನದ ಕೆಲವೇ ದಶಕಗಳಲ್ಲಿ ಹೇಗೆ ಕರಗಿತೆಂಬುದನ್ನು ನೋಡಬೇಕು.

ಮರಳಿನ ಮಡಿಲಿನ ಜೀವಗಳು

ಅರಬ್ ಮರುಭೂಮಿಯು ಬರಿದಾದ ನೆಲವಲ್ಲ. ಅಲ್ಲಿ ಮೊಲವಿದೆ. ಅದು ನಮ್ಮ ಮೊಲಕ್ಕಿಂತ ಚಿಕ್ಕದು, ಉದ್ದ ಕಿವಿಯದು. ನೀರು ಕುಡಿಯದೆಯೇ ಸೊಪ್ಪುಸದೆಗಳ ತೇವದಿಂದ ಬದುಕಬಲ್ಲದು. ಹಗಲೆಲ್ಲ ಬಿಲದಲ್ಲಿದ್ದು ರಾತ್ರಿ ಹೊರಬರುವ, ಹಿಂಗಾಲಿನ ಮೇಲೆ ಜಿಗಿಯುವ ಯರ್ಬೂಅ್ ಎಂಬ ಇಲಿಯಿದೆ. ಉಡವನ್ನು ಹೋಲುವ, ಬಾಲದ ತುಂಬ ಮುಳ್ಳಿರುವ ದಬ್ಬ್ ಇದೆ. ಚಳಿಗಾಲದಲ್ಲಿ ಮಧ್ಯ ಏಷ್ಯದ ಹುಲ್ಲುಗಾವಲುಗಳಿಂದ ವಲಸೆ ಬರುವ ಹುಬಾರಾ ಪಕ್ಷಿ, ಮುಸ್ಸಂಜೆಯಲ್ಲಿ ಕೂಗುವ ದೊಡ್ಡ ಕಣ್ಣಿನ ಕರವಾನ್ ಪಕ್ಷಿ, ಮಳೆ ಬಿದ್ದ ವರ್ಷ ಮೋಡದಂತೆ ಕವಿಯುವ ಮಿಡತೆ ಇವೆಲ್ಲವೂ ಅಲ್ಲಿನ ಜನರ ಆಹಾರವಾಗಿದ್ದವು. ದೊಡ್ಡ ಪ್ರಾಣಿಗಳಲ್ಲಿ ಜಿಂಕೆ, ಕಾಡುಕತ್ತೆ, ಉಷ್ಟ್ರಪಕ್ಷಿ ಮತ್ತು ಉದ್ದ ಕೊಂಬಿನ ಬಿಳಿಯ ಓರಿಕ್ಸ್ ಇದ್ದವು.

ಆದರೆ ಈ ಸಂಪತ್ತಿಗೆ ಒಂದು ಮಿತಿಯಿತ್ತು. ಮರುಭೂಮಿಯಲ್ಲಿ ಮಳೆಯೇ ಎಲ್ಲದರ ಅಳತೆ. ಒಂದು ಕಣಿವೆಗೆ ಮಳೆ ಬಿದ್ದರೆ ಅಲ್ಲಿ ಹುಲ್ಲು ಚಿಗುರುತ್ತದೆ, ಮೊಲ ಮರಿ ಹಾಕುತ್ತದೆ, ಜಿಂಕೆಯ ಹಿಂಡು ಸೇರುತ್ತದೆ. ಪಕ್ಕದ ಕಣಿವೆಗೆ ಎರಡು ಮೂರು ವರ್ಷ ಹನಿಯೂ ಬೀಳದಿರಬಹುದು. ಬರಗಾಲದಲ್ಲಿ ಪ್ರಾಣಿಗಳ ಸಂಖ್ಯೆ ಕುಗ್ಗಿ, ಅಲ್ಲಲ್ಲಿ ಉಳಿದ ಕೆಲವೇ ಜೋಡಿಗಳಿಂದ ಸಂತತಿ ಮತ್ತೆ ಬೆಳೆಯಬೇಕು. ಆ ಕೆಲವು ಜೋಡಿಗಳನ್ನೂ ಕೊಂದರೆ ಮುಂದಿನ ಮಳೆಗೆ ಹುಲ್ಲು ಮಾತ್ರ ಚಿಗುರುತ್ತದೆ, ಅದನ್ನು ಮೇಯುವ ಪ್ರಾಣಿ ಇರುವುದಿಲ್ಲ. ಕಾಡಿನ ನಾಡಿನಲ್ಲಿ ಬೇಟೆಗಾರನ ತಪ್ಪನ್ನು ನಿಸರ್ಗವು ಬೇಗ ಸರಿಪಡಿಸೀತು, ಮರುಭೂಮಿಯಲ್ಲಿ ಅಂತಹ ಅವಕಾಶ ಬಹಳ ಕಡಿಮೆ.

ಬೇಟೆಗಾರನ ಶಕ್ತಿ ಮತ್ತು ಮಿತಿ

ಹಾಗಿದ್ದೂ ಪ್ರಾಣಿಗಳು ಸಾವಿರಾರು ವರ್ಷ ಉಳಿದದ್ದು ಹೇಗೆ? ಒಂದು ಕಾರಣ ಬೇಟೆಗಾರನ ಸಾಧನಗಳಲ್ಲೇ ಇತ್ತು. ಬದುವಿಯ ಬಳಿ ಇದ್ದದ್ದು ಬಿಲ್ಲು, ಈಟಿ, ಬಲೆ, ಸಲೂಕಿ ಎಂಬ ತೆಳುಮೈಯ ಬೇಟೆನಾಯಿ ಮತ್ತು ಡೇಗೆ. ಸಲೂಕಿಯು ಕಣ್ಣಿನಿಂದ ಬೇಟೆಯನ್ನು ಕಂಡು ಅತಿವೇಗದಲ್ಲಿ ಅಟ್ಟುತ್ತದೆ, ಆದರೆ ಒಂದೆರಡು ಓಟಗಳಲ್ಲಿ ದಣಿಯುತ್ತದೆ. ಮೊಲವೋ ಜಿಂಕೆಯೋ ಅಷ್ಟರಲ್ಲಿ ತಪ್ಪಿಸಿಕೊಂಡರೆ ಆ ದಿನ ಅದರದ್ದು. ಬೇಟೆಗಾರನು ಎಷ್ಟು ದೂರ ಹೋಗಬಲ್ಲನೆಂಬುದನ್ನು ಅವನ ಚರ್ಮದ ಚೀಲದಲ್ಲಿದ್ದ ನೀರು ನಿರ್ಧರಿಸುತ್ತಿತ್ತು. ಓರಿಕ್ಸ್ ಪ್ರಾಣಿಯು ನೀರಿಲ್ಲದ ಬಯಲಿನಲ್ಲಿ ತಿಂಗಳುಗಟ್ಟಲೆ ಬದುಕಬಲ್ಲದು, ಮನುಷ್ಯನು ಅಲ್ಲಿ ಅದರ ಹಿಂದೆ ಬಹಳ ದಿನ ಅಲೆಯಲಾರನು.

ಡೇಗೆಯ ಬೇಟೆಗೂ ತನ್ನದೇ ಋತುವಿತ್ತು. ಶರತ್ಕಾಲದಲ್ಲಿ ವಲಸೆ ಹೋಗುವ ಡೇಗೆಗಳನ್ನು ಬಲೆಯಲ್ಲಿ ಹಿಡಿದು, ಕೈಮೇಲೆ ಕೂರಿಸಿ, ಕಣ್ಣಿಗೆ ಚರ್ಮದ ಮುಸುಕು ತೊಡಿಸಿ, ಹೆಸರು ಹಿಡಿದು ಕರೆದು, ಕೆಲವೇ ವಾರಗಳಲ್ಲಿ ಪಳಗಿಸುತ್ತಿದ್ದರು. ಚಳಿಗಾಲವಿಡೀ ಅದರೊಂದಿಗೆ ಹುಬಾರಾ, ಕರವಾನ್, ಮೊಲಗಳನ್ನು ಬೇಟೆಯಾಡುತ್ತಿದ್ದರು. ವಸಂತ ಬಂದಾಗ ಡೇಗೆಯನ್ನು ಬಿಟ್ಟುಬಿಡುತ್ತಿದ್ದರು. ಬೇಸಗೆಯ ಉರಿಯಲ್ಲಿ ಅದನ್ನು ಗುಡಾರದಲ್ಲಿ ಸಾಕುವುದು ಕಷ್ಟವಾಗಿತ್ತು. ಹೀಗೆ ಹಕ್ಕಿಗೂ ಬಿಡುಗಡೆ, ಬೇಟೆಗೂ ಬಿಡುವು ದೊರೆಯುತ್ತಿತ್ತು.

ಈ ಬದುಕನ್ನು ಪೂರ್ಣವಾಗಿ ನೆಚ್ಚಿಕೊಂಡಿದ್ದ ಒಂದು ಜನಾಂಗವೂ ಇತ್ತು. ಉತ್ತರ ಅರೇಬಿಯದ ಸುಲೈಬ್ ಜನರು ಕುದುರೆ ಒಂಟೆಗಳ ಸಿರಿಯಿಲ್ಲದೆ ಕತ್ತೆಗಳ ಮೇಲೆ ಸಂಚರಿಸುತ್ತ, ಜಿಂಕೆಯ ಚರ್ಮ ತೊಟ್ಟು, ಬೇಟೆಯಿಂದಲೇ ಹೊಟ್ಟೆ ಹೊರೆಯುತ್ತಿದ್ದರು. ಗೋತ್ರಗಳ ಪರಸ್ಪರ ದಾಳಿಗಳಿಂದ ಅವರು ಹೊರಗಿದ್ದರು. ಎಲ್ಲಿ ನೀರಿದೆ, ಎಲ್ಲಿ ಹಿಂಡು ಮೇಯುತ್ತಿದೆ ಎಂಬುದನ್ನು ಅವರಷ್ಟು ಬಲ್ಲವರು ಮರುಭೂಮಿಯಲ್ಲಿ ಇರಲಿಲ್ಲ. ಬಲಿಷ್ಠ ಗೋತ್ರಗಳು ಅವರನ್ನು ಕೀಳಾಗಿ ಕಂಡರೂ ದಾರಿ ತಪ್ಪಿದಾಗ ಅವರನ್ನೇ ಆಶ್ರಯಿಸುತ್ತಿದ್ದವು. 1876ರಿಂದ 1878ರವರೆಗೆ ಅರೇಬಿಯದಲ್ಲಿ ಅಲೆದ ಆಂಗ್ಲ ಪ್ರವಾಸಿ ಚಾರ್ಲ್ಸ್ ಡೌಟಿಯು ಇವರ ಬಗ್ಗೆ ಬರೆದಿದ್ದಾನೆ. ಬೇಟೆಯೇ ಕಸುಬಾಗಿದ್ದ ಇವರಿದ್ದೂ ಜಿಂಕೆಗಳ ಸಂತತಿ ಅಳಿಯಲಿಲ್ಲ ಎಂಬುದನ್ನು ನಾವು ಗಮನಿಸಬೇಕು. ಹಸಿವಿಗಾಗಿ ಆಡುವ ಬೇಟೆ ಹಸಿವು ತೀರಿದಾಗ ನಿಲ್ಲುತ್ತದೆ.

ಅನುಮತಿಯೂ ಶಿಸ್ತೂ

ಇಸ್ಲಾಮ್ ಈ ಜನರ ನಡುವೆ ಬಂದಾಗ ಬೇಟೆಯನ್ನು ನಿಷೇಧಿಸಲಿಲ್ಲ. ಅದನ್ನು ಶಿಸ್ತಿಗೆ ಒಳಪಡಿಸಿತು. ತಯ್ಯ್ ಗೋತ್ರದ ಅದೀ ಬಿನ್ ಹಾತಿಮ್(ರ) ಅವರು ಪ್ರಸಿದ್ಧ ದಾನಿ ಹಾತಿಮ್ ತಾಯಿಯ ಪುತ್ರರು. ಇಂದಿನ ಹಾಯಿಲ್ ನಗರದ ಬಳಿಯಿರುವ ಅಜಾ ಮತ್ತು ಸಲ್ಮಾ ಬೆಟ್ಟಗಳ ಸೀಮೆ ಅವರ ಗೋತ್ರದ ನೆಲೆ. ಬೇಟೆನಾಯಿಗಳ ನಾಡಿನಿಂದ ಬಂದ ಅವರು ಪ್ರವಾದಿವರ್ಯರಲ್ಲಿ(ಸ) ಕೇಳಿದ ಪ್ರಶ್ನೆಗಳು ಒಬ್ಬ ಅನುಭವಿ ಬೇಟೆಗಾರನ ಪ್ರಶ್ನೆಗಳು. ಅವುಗಳಿಗೆ ದೊರೆತ ಉತ್ತರಗಳ ಸಾರ ಹೀಗಿದೆ: ನಾಯಿ ಪಳಗಿದ್ದಾಗಿರಬೇಕು, ಅದನ್ನು ಅಲ್ಲಾಹನ ನಾಮದಿಂದ ಬಿಡಬೇಕು. ಅದು ಒಡೆಯನಿಗಾಗಿ ಹಿಡಿದದ್ದನ್ನು ತಿನ್ನಬಹುದು. ನಾಯಿಯೇ ಅದರಿಂದ ತಿಂದಿದ್ದರೆ ಅದು ತನಗಾಗಿ ಹಿಡಿದದ್ದು, ಆದ್ದರಿಂದ ತಿನ್ನಬಾರದು. ಬೇರೆ ನಾಯಿಗಳು ಜೊತೆಗೂಡಿದ್ದರೆ ಯಾವುದು ಕೊಂದಿತೆಂದು ತಿಳಿಯದು, ಆಗಲೂ ಬಿಡಬೇಕು. ಬಾಣ ತಗಲಿದ ಪ್ರಾಣಿ ನೀರಿಗೆ ಬಿದ್ದು ಸತ್ತಿದ್ದರೆ ಕೊಂದದ್ದು ಬಾಣವೋ ನೀರೋ ತಿಳಿಯದು, ಅದನ್ನೂ ಬಿಡಬೇಕು.

ಈ ನಿಯಮಗಳ ಒಳಗಿನ ತತ್ವವನ್ನು ನೋಡಿರಿ. ಹಸಿದ ಮನುಷ್ಯನ ಮುಂದೆ ಮಾಂಸವಿದೆ, ಸಾಕ್ಷಿಯಾಗಿ ಯಾರೂ ಇಲ್ಲ, ಸುತ್ತ ಬರಿಯ ಮರಳು. ಆದರೂ ಸಂಶಯ ಬಂದರೆ ಕೈ ಹಿಂತೆಗೆಯಬೇಕು. ಬೇಟೆಯೆಂಬುದು ಸಿಕ್ಕಿದ್ದನ್ನೆಲ್ಲ ದೋಚುವ ಕೆಲಸವಲ್ಲ, ಹೊಣೆಯರಿತು ಜೀವ ತೆಗೆಯುವ ಕೆಲಸ. ಬೆರಳ ಸಂದಿಯಿಂದ ಸಣ್ಣ ಕಲ್ಲುಗಳನ್ನು ಚಿಮ್ಮಿ ಎಸೆಯುವುದನ್ನು ಪ್ರವಾದಿವರ್ಯರು(ಸ) ತಡೆದರು. ಅದರಿಂದ ಬೇಟೆಯೂ ಸಿಗದು, ಶತ್ರುವೂ ಸೋಲನು, ಕಣ್ಣೋ ಹಲ್ಲೋ ಹೋಗಬಹುದಷ್ಟೆ ಎಂಬುದು ಅದಕ್ಕೆ ಕೊಟ್ಟ ಕಾರಣ. ಜೀವವಿರುವ ಪ್ರಾಣಿಯನ್ನು ಗುರಿಯಾಟಕ್ಕೆ ಕಟ್ಟುವುದನ್ನು ಶಪಿಸಿದರು.

ಸಣ್ಣ ಬೇಟೆಯ ಕುರಿತ ಎರಡು ಪ್ರಸಂಗಗಳು ಹದೀಸ್‌ಗಳಲ್ಲಿ ಪ್ರಸಿದ್ಧವಾಗಿವೆ. ಮಕ್ಕಾದ ಸಮೀಪದ ಮರ್ರುಝ್ಝಹ್ರಾನ್‌ನಲ್ಲಿ ಒಂದು ಮೊಲ ಎದ್ದಾಗ ಜನರೆಲ್ಲ ಓಡಿ ಓಡಿ ದಣಿದರು. ಅನಸ್(ರ) ಅವರು ಮಾತ್ರ ಅದನ್ನು ಹಿಡಿದರು. ಅಬೂ ತಲ್ಹಾ(ರ) ಅದನ್ನು ಝಬಹ್ ಮಾಡಿ ತೊಡೆಯ ಭಾಗವನ್ನು ಪ್ರವಾದಿವರ್ಯರಿಗೆ(ಸ) ಕಳುಹಿಸಿದರು, ಅವರು ಅದನ್ನು ಸ್ವೀಕರಿಸಿದರು. ಇನ್ನೊಮ್ಮೆ ಸುಟ್ಟ ದಬ್ಬ್ ಪ್ರಾಣಿಯನ್ನು ಅವರ ಮುಂದಿಟ್ಟಾಗ ಕೈ ಹಿಂದಕ್ಕೆ ತೆಗೆದುಕೊಂಡರು. ಇದು ನಿಷಿದ್ಧವೇ ಎಂದು ಖಾಲಿದ್ ಬಿನ್ ವಲೀದ್(ರ) ಕೇಳಿದಾಗ, ಅಲ್ಲ, ತಮ್ಮ ಜನರ ನೆಲದಲ್ಲಿ ಇದಿಲ್ಲದ್ದರಿಂದ ತಮಗೆ ಒಗ್ಗದು ಎಂದರು. ಖಾಲಿದ್(ರ) ಅದನ್ನು ತಮ್ಮೆಡೆಗೆ ಎಳೆದುಕೊಂಡು ತಿಂದರು. ಶಾಫಿಈ ವಿದ್ವಾಂಸರು ಇದರಿಂದ ದಬ್ಬ್ ಹಲಾಲ್ ಎಂದರೆ ಹನಫೀ ವಿದ್ವಾಂಸರು ಅದನ್ನು ಮಕ್ರೂಹ್ ಎಂದು ಎಣಿಸುತ್ತಾರೆ.

ಕೈಯ ಹತ್ತಿರ ಬಂದ ಪರೀಕ್ಷೆ

ಈಗ ಮುಖ್ಯ ವಿಷಯಕ್ಕೆ ಬರೋಣ. ಹಿಜರಿ 6ರಲ್ಲಿ ಪ್ರವಾದಿವರ್ಯರು(ಸ) ಮತ್ತು ಸಹಾಬಿಗಳು ಉಮ್ರಃಕ್ಕಾಗಿ ಇಹ್ರಾಮ್ ಧರಿಸಿ ಮಕ್ಕಾದತ್ತ ಹೊರಟು ಹುದೈಬಿಯಾದಲ್ಲಿ ತಂಗಿದರು. ಇಹ್ರಾಮ್‌ನಲ್ಲಿರುವವರಿಗೆ ನೆಲದ ಮೇಲಿನ ಬೇಟೆ ನಿಷಿದ್ಧ. ಆ ಯಾತ್ರೆಯಲ್ಲಿ, ಹಿಂದೆಂದೂ ಕಾಣದಷ್ಟು ಕಾಡುಪ್ರಾಣಿ ಪಕ್ಷಿಗಳು ಅವರ ಬಿಡಾರಗಳ ನಡುವೆಯೇ ಸುಳಿದಾಡಿದವೆಂದು ಮುಕಾತಿಲ್ ಬಿನ್ ಹಯ್ಯಾನ್ ಅವರ ವರದಿಯನ್ನು ಇಬ್ನು ಕಸೀರ್ ತಮ್ಮ ತಫ್ಸೀರಿನಲ್ಲಿ ಉಲ್ಲೇಖಿಸಿದ್ದಾರೆ. ಅಲ್ ಮಾಇದಃದ 94ನೆಯ ಸೂಕ್ತದ ಹಿನ್ನೆಲೆ ಅದೇ. ಸತ್ಯವಿಶ್ವಾಸಿಗಳ ಕೈಗಳಿಗೂ ಈಟಿಗಳಿಗೂ ಎಟಕುವ ಬೇಟೆಯ ಮೂಲಕ ಅಲ್ಲಾಹನು ಅವರನ್ನು ಪರೀಕ್ಷಿಸುವನು ಎಂಬುದು ಅದರ ಆಶಯ. ಕೈಗೆ ಎಟಕುವುದೆಂದರೆ ಮರಿಗಳು ಮತ್ತು ಸಣ್ಣ ಪ್ರಾಣಿಗಳು, ಈಟಿಗೆ ಎಟಕುವುದೆಂದರೆ ದೊಡ್ಡವು ಎಂದು ಮುಜಾಹಿದ್ ವಿವರಿಸಿದ್ದಾರೆ. ಬೇಟೆ ಸಿಗದಿದ್ದಾಗ ಸುಮ್ಮನಿರುವುದು ಪರೀಕ್ಷೆಯಲ್ಲ. ಅದು ಗುಡಾರದ ಬಾಗಿಲಿಗೆ ಬಂದಾಗ ಸುಮ್ಮನಿರುವುದೇ ಪರೀಕ್ಷೆ.

ಅದೇ ಯಾತ್ರೆಯಲ್ಲಿ ಇಹ್ರಾಮ್ ಧರಿಸದೆ ಇದ್ದ ಅಬೂ ಕತಾದಃ(ರ) ಒಂದು ಕಾಡುಕತ್ತೆಯನ್ನು ಕಂಡು ಕುದುರೆ ಏರಿದರು. ಚಾವಟಿ ಕೆಳಗೆ ಉಳಿದಿತ್ತು. ಎತ್ತಿಕೊಡಿ ಎಂದು ಸಂಗಡಿಗರನ್ನು ಕೇಳಿದಾಗ ಇಹ್ರಾಮ್‌ನಲ್ಲಿದ್ದ ಅವರು ನಿರಾಕರಿಸಿದರು. ಅವರೇ ಇಳಿದು ಚಾವಟಿ ಎತ್ತಿಕೊಂಡು ಹೋಗಿ ಬೇಟೆಯಾಡಿದರು. ಬಳಿಕ ವಿಷಯ ಪ್ರವಾದಿವರ್ಯರಿಗೆ(ಸ) ತಲುಪಿದಾಗ ಅವರು ವಿಚಾರಿಸಿದ್ದು, ನಿಮ್ಮಲ್ಲಿ ಯಾರಾದರೂ ಬೇಟೆಗೆ ಹೇಳಿದಿರಾ, ಸನ್ನೆ ಮಾಡಿ ತೋರಿಸಿದಿರಾ ಎಂಬುದನ್ನು. ಇಲ್ಲವೆಂದು ತಿಳಿದ ಮೇಲೆಯೇ ಉಳಿದ ಮಾಂಸವನ್ನು ತಿನ್ನಲು ಅನುಮತಿಸಿದರು. ಕೊಲ್ಲುವುದು ಮಾತ್ರವಲ್ಲ, ಬೆರಳು ತೋರಿಸುವುದೂ ಹೊಣೆಗೆ ಒಳಪಡುತ್ತದೆ.

ತಪ್ಪಿದವನಿಗೆ ಪರಿಹಾರವನ್ನೂ ಕುರ್‌ಆನ್ ವಿಧಿಸಿತು: ಕೊಂದ ಪ್ರಾಣಿಗೆ ಸಮಾನವಾದ ಜಾನುವಾರನ್ನು ಕಾಬಾಲಯಕ್ಕೆ ತಲುಪಿಸಬೇಕು, ಇಲ್ಲವೇ ಬಡವರಿಗೆ ಉಣಿಸಬೇಕು, ಇಲ್ಲವೇ ತತ್ಸಮಾನ ಉಪವಾಸ ಆಚರಿಸಬೇಕು. ಯಾವುದು ಸಮಾನವೆಂದು ನ್ಯಾಯವಂತರಾದ ಇಬ್ಬರು ತೀರ್ಮಾನಿಸಬೇಕು. ಖಲೀಫ ಉಮರ್(ರ) ನೀಡಿದ ತೀರ್ಪುಗಳು ಇಮಾಮ್ ಮಾಲಿಕರ ಮುವತ್ತಾದಲ್ಲಿ ದಾಖಲಾಗಿವೆ: ಕತ್ತೆಕಿರುಬಕ್ಕೆ ಟಗರು, ಜಿಂಕೆಗೆ ಆಡು, ಮೊಲಕ್ಕೆ ಒಂದು ವರ್ಷ ತುಂಬದ ಹೆಣ್ಣು ಆಡುಮರಿ, ಯರ್ಬೂಅ್ ಇಲಿಗೆ ತಾಯಿಯ ಹಾಲು ಬಿಟ್ಟ ನಾಲ್ಕು ತಿಂಗಳ ಮರಿ. ಯಾರ ಲೆಕ್ಕಕ್ಕೂ ಬಾರದ ಒಂದು ಇಲಿಯ ಜೀವಕ್ಕೂ ಅಲ್ಲಿ ಬೆಲೆ ಕಟ್ಟಲಾಗಿತ್ತು.

ಅದೇ ಗ್ರಂಥದಲ್ಲಿ ಇನ್ನೊಂದು ಪ್ರಸಂಗವಿದೆ. ಇಹ್ರಾಮ್‌ನಲ್ಲಿದ್ದ ಇಬ್ಬರು ಕುದುರೆ ಓಡಿಸುವ ಪಂದ್ಯದ ನಡುವೆ ಒಂದು ಜಿಂಕೆಯನ್ನು ಕೊಂದರು. ಅವರಲ್ಲೊಬ್ಬನು ಬಂದು ಉಮರ್(ರ) ಅವರಲ್ಲಿ ಕೇಳಿದಾಗ ಅವರು ಪಕ್ಕದಲ್ಲಿದ್ದವರನ್ನು ಕರೆದು, ಇಬ್ಬರೂ ಸೇರಿ ಒಂದು ಆಡು ಎಂದು ತೀರ್ಮಾನಿಸಿದರು. ಒಂದು ಜಿಂಕೆಯ ವಿಷಯ ತೀರ್ಮಾನಿಸಲೂ ಅಮೀರುಲ್ ಮೂಮಿನೀನರಿಗೆ ಇನ್ನೊಬ್ಬರ ನೆರವು ಬೇಕಾಯಿತೇ ಎಂದು ಆತ ಗೊಣಗಿದನು. ನೀನು ಸೂರಃ ಅಲ್ ಮಾಇದಃ ಓದುವೆಯಾ ಎಂದು ಉಮರ್(ರ) ಕೇಳಿದರು. ಇಲ್ಲವೆಂದನು. ಓದುವೆನೆಂದಿದ್ದರೆ ಹೊಡೆಯುತ್ತಿದ್ದೆ ಎಂದು ಹೇಳಿ, ಇಬ್ಬರು ನ್ಯಾಯವಂತರು ಬೇಕೆಂಬ ಸೂಕ್ತವನ್ನು ನೆನಪಿಸಿದರು. ಪಕ್ಕದಲ್ಲಿದ್ದವರು ಅಬ್ದುರ್ರಹ್ಮಾನ್ ಬಿನ್ ಔಫ್(ರ) ಆಗಿದ್ದರು. ವಿಶಾಲ ಸಾಮ್ರಾಜ್ಯದ ಖಲೀಫರಿಗೂ ಒಂದು ಜಿಂಕೆಯ ವಿಷಯದಲ್ಲಿ ಒಬ್ಬರೇ ತೀರ್ಪು ನೀಡುವ ಅಧಿಕಾರವಿರಲಿಲ್ಲ!

ಇದರೊಂದಿಗೆ, ಕಾಲದ ಮಿತಿಯಿಲ್ಲದ ಅಭಯಸ್ಥಾನಗಳೂ ಇದ್ದವು. ಹಿಜರಿ 8ರಲ್ಲಿ ಮಕ್ಕಾ ವಿಜಯದ ಸಂದರ್ಭದಲ್ಲಿ, ಹರಮ್ ಪ್ರದೇಶದ ಬೇಟೆಪ್ರಾಣಿಯನ್ನು ಬೆದರಿಸಿ ಅಟ್ಟಲೂಬಾರದೆಂದು ಘೋಷಿಸಲಾಯಿತು. ಮದೀನಾದಲ್ಲಿ ಕಪ್ಪು ಕಲ್ಲಿನ ಎರಡು ಬಯಲುಗಳ ನಡುವಿನ ಭೂಮಿಗೂ ಇದೇ ನಿಯಮ ಅನ್ವಯಿಸಿತು. ಮದೀನಾದಲ್ಲಿ ಜಿಂಕೆಗಳು ಮೇಯುವುದನ್ನು ಕಂಡರೂ ತಾನು ಅವುಗಳನ್ನು ಬೆದರಿಸಲಾರೆ ಎಂಬುದು ಅಬೂ ಹುರೈರಾ(ರ) ಅವರ ನಿಲುವಾಗಿತ್ತು.

ವಿನೋದದ ಹಾದಿ

ಬೇಟೆಯ ಬೆನ್ನು ಹತ್ತಿದವನು ಮೈಮರೆಯುತ್ತಾನೆ ಎಂಬ ಎಚ್ಚರಿಕೆಯೂ ಹದೀಸ್‌ನಲ್ಲಿದೆ. ಅಧಿಕಾರ ಮತ್ತು ಐಶ್ವರ್ಯ ಬಂದಾಗ ಆ ಎಚ್ಚರಿಕೆಯನ್ನು ಮರೆತವರು ಬಹಳ. ಇಂದಿನ ಜೋರ್ಡಾನ್‌ನ ಮರುಭೂಮಿಯಲ್ಲಿ ಉಮವೀ ರಾಜಕುಮಾರ ವಲೀದ್ ಬಿನ್ ಯಝೀದ್ ಕಟ್ಟಿಸಿದ ಕುಸೈರ್ ಅಮ್ರಾ ಎಂಬ ವಿಹಾರಗೃಹವಿದೆ. ಎಂಟನೆಯ ಶತಮಾನದ ಆ ಕಟ್ಟಡವನ್ನು ಯುನೆಸ್ಕೋ 1985ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಅದರ ಗೋಡೆಯ ಮೇಲೆ, ನಾಯಿಗಳು ಕಾಡುಕತ್ತೆಗಳ ಹಿಂಡನ್ನು ಬಲೆಯ ಆವರಣದೊಳಕ್ಕೆ ಅಟ್ಟುತ್ತಿರುವ ಚಿತ್ರವಿದೆ. ಹೊಟ್ಟೆಗಾಗಿ ಇದ್ದ ಬೇಟೆ ಅರಮನೆಯ ವಿನೋದವಾಯಿತು. ಆದರೂ ಆ ವಿನೋದದ ಸಾಧನ ಕುದುರೆ, ನಾಯಿ, ಬಲೆಗಳೇ ಆಗಿದ್ದುದರಿಂದ ಪ್ರಾಣಿಗಳಿಗೆ ಓಡಿ ಬದುಕಲು ವಿಶಾಲ ಮರುಭೂಮಿ ಉಳಿದಿತ್ತು.

ಇಪ್ಪತ್ತನೆಯ ಶತಮಾನದಲ್ಲಿ ಅದೂ ಉಳಿಯಲಿಲ್ಲ. ಮೊದಲು ದೂರಕ್ಕೆ ಗುಂಡು ಹಾರಿಸುವ ಬಂದೂಕು ಬಂತು, ಅನಂತರ ಮೋಟಾರು ಬಂತು. 1938ರಲ್ಲಿ ಸೌದಿ ಅರೇಬಿಯದಲ್ಲಿ ತೈಲ ದೊರೆತ ಬಳಿಕ ವಾಹನಗಳೂ ಹಣವೂ ಮರುಭೂಮಿಯ ಒಳನಾಡನ್ನು ತಲುಪಿದವು. ಸಲೂಕಿ ದಣಿಯುತ್ತಿತ್ತು, ಮೋಟಾರು ದಣಿಯಲಿಲ್ಲ. ನೀರಿನ ಚೀಲದ ಮಿತಿ ಅಳಿಯಿತು. ರಾತ್ರಿಯ ಕತ್ತಲೆಯೂ ಪ್ರಾಣಿಗೆ ಆಶ್ರಯವಾಗಲಿಲ್ಲ, ಏಕೆಂದರೆ ವಾಹನದ ಬೆಳಕಿಗೆ ಕಣ್ಣು ಕೋರೈಸಿ ಮೊಲವೂ ಜಿಂಕೆಯೂ ನಿಂತಲ್ಲೇ ನಿಲ್ಲುತ್ತಿದ್ದವು. ಹುದೈಬಿಯಾದಲ್ಲಿ ಕೆಲವು ದಿನಗಳ ಮಟ್ಟಿಗೆ ಕೈಗೆ ಎಟಕಿದ್ದ ಬೇಟೆ ಈಗ ಇಡೀ ಅರೇಬಿಯದಲ್ಲಿ ಎಲ್ಲ ಕಾಲಕ್ಕೂ ಕೈಗೆ ಎಟಕುವಂತಾಯಿತು.

ಪರಿಣಾಮ ನಮ್ಮ ಮುಂದಿದೆ. ಕುಸೈರ್ ಅಮ್ರಾದ ಗೋಡೆಯ ಮೇಲಿರುವ ಆ ಕಾಡುಕತ್ತೆಯ ತಳಿಯಲ್ಲಿ, ದಾಖಲಾದ ಕೊನೆಯ ಕಾಡುಪ್ರಾಣಿಯನ್ನು 1927ರಲ್ಲಿ ಗುಂಡಿಟ್ಟು ಕೊಂದದ್ದು ಅದೇ ಸೀಮೆಯ ಅಝ್ರಕ್ ಬಳಿ. ಅರೇಬಿಯದ ಉಷ್ಟ್ರಪಕ್ಷಿ ಅದೇ ಶತಮಾನದಲ್ಲಿ ಸಂಪೂರ್ಣವಾಗಿ ನಾಶವಾಯಿತು. ಓರಿಕ್ಸ್ ಸಂತತಿಯ ಕೊನೆಯ ಕಾಡುಪ್ರಾಣಿಗಳು 1972ರಲ್ಲಿ ಒಮಾನ್‌ನ ಜಿದ್ದತುಲ್ ಹರಾಸೀಸ್ ಬಯಲಿನಲ್ಲಿ ಬೇಟೆಗಾರರಿಗೆ ಬಲಿಯಾದವು. ಜಿಂಕೆ, ಹುಬಾರಾಗಳು ಬಹಳಷ್ಟು ಕಡೆ ಕಾಣದಾದವು. ಇದನ್ನು ಮಾಡಿದವರು ಹಸಿದ ಸುಲೈಬ್ ಜನರಲ್ಲ. ಮನೆಯಲ್ಲಿ ಆಹಾರ ತುಂಬಿದ್ದವರು.

ಮರಳಿ ಕಟ್ಟುವ ಕೆಲಸ

ಅದೃಷ್ಟವಶಾತ್ ಕೆಲವರು ಮುಂಚೆಯೇ ಎಚ್ಚೆತ್ತಿದ್ದರು. 1962ರಲ್ಲಿ ಕೆಲವೇ ಓರಿಕ್ಸ್‌ಗಳನ್ನು ಹಿಡಿದು, ಅರಬ್ ಅರಸರ ಬಳಿ ಸಾಕಿದ್ದವುಗಳನ್ನೂ ಸೇರಿಸಿ, ಅಮೆರಿಕದ ಫೀನಿಕ್ಸ್ ಮೃಗಾಲಯದಲ್ಲಿ ಸಂತತಿ ಬೆಳೆಸಲಾಯಿತು. 1982ರಲ್ಲಿ ಅವುಗಳ ಪೀಳಿಗೆಯನ್ನು ಒಮಾನ್‌ನ ಅದೇ ಬಯಲಿಗೆ ಮರಳಿ ಬಿಡಲಾಯಿತು. ಅಲ್ಲಿನ ಹರಾಸೀಸ್ ಗೋತ್ರದವರೇ ಕಾವಲುಗಾರರಾದರು. ಯುಎಇ 1983ರಲ್ಲಿ ಬೇಟೆಯನ್ನು ನಿಯಂತ್ರಿಸುವ ಕಾನೂನು ತಂದಿತು. ಸೌದಿ ಅರೇಬಿಯ 1986ರಲ್ಲಿ ವನ್ಯಜೀವಿ ಸಂರಕ್ಷಣಾ ಆಯೋಗವನ್ನು ಸ್ಥಾಪಿಸಿತು. ತಾಯಿಫ್‌ನ ಈಶಾನ್ಯದಲ್ಲಿ 2,200 ಚದರ ಕಿಲೋಮೀಟರ್‌ಗೂ ಹೆಚ್ಚಿನ ಬಯಲಿಗೆ ಬೇಲಿ ಹಾಕಿ, 1990ರಲ್ಲಿ ಓರಿಕ್ಸ್‌ಗಳನ್ನೂ ಮರುವರ್ಷದಿಂದ ಹುಬಾರಾಗಳನ್ನೂ ಬಿಡಲಾಯಿತು. ಆ ಜಾಗದ ಹೆಸರು ಮಹಾಝತುಸ್ಸೈದ್. ಸೈದ್ ಎಂದರೆ ಬೇಟೆ. ಬೇಟೆಯ ಹೆಸರು ಹೊತ್ತ ನೆಲವೇ ಅಭಯಾರಣ್ಯವಾಯಿತು.

ಆದರೆ ಬೇಲಿಯೊಂದೇ ಸಾಲದೆಂಬುದನ್ನು ಒಮಾನ್ ತೋರಿಸಿಕೊಟ್ಟಿತು. 1996ರಲ್ಲಿ ಅಲ್ಲಿ 450ರಷ್ಟಿದ್ದ ಓರಿಕ್ಸ್‌ಗಳು ಕಳ್ಳಬೇಟೆಯಿಂದಾಗಿ 2007ರ ಹೊತ್ತಿಗೆ 65ಕ್ಕೆ ಇಳಿದವು. ಸರಕಾರವು ಅಭಯಾರಣ್ಯದ ಹೆಚ್ಚಿನ ಭಾಗವನ್ನು ಕೈಬಿಟ್ಟಾಗ ಯುನೆಸ್ಕೋ ಅದನ್ನು ವಿಶ್ವ ಪರಂಪರೆಯ ಪಟ್ಟಿಯಿಂದ ತೆಗೆದುಹಾಕಿತು. ಹಾಗೆ ತೆಗೆಯಲ್ಪಟ್ಟ ಜಗತ್ತಿನ ಮೊದಲ ತಾಣ ಅದು. ಇತರ ದೇಶಗಳಲ್ಲಿ ಕೆಲಸ ಮುಂದುವರಿದುದರಿಂದ 2011ರಲ್ಲಿ ಕಾಡಿನ ಓರಿಕ್ಸ್‌ಗಳ ಸಂಖ್ಯೆ ಸಾವಿರದ ಆಸುಪಾಸಿಗೆ ಬಂದು, ಅದರ ಅಪಾಯದ ಶ್ರೇಣಿಯನ್ನು ತಗ್ಗಿಸಲಾಯಿತು.

ಹಾಗಾದರೆ ಇಂದು ಆ ಮರುಭೂಮಿಯಲ್ಲಿ ಬೇಟೆಗಾರನಿಗೆ ಏನು ಉಳಿದಿದೆ? ಡೇಗೆ ಸಾಕುವ ಕಲೆ ಉಳಿದಿದೆ. 2010ರಲ್ಲಿ ಯುನೆಸ್ಕೋ ಅದನ್ನು ಮಾನವಕುಲದ ಪರಂಪರೆಯೆಂದು ಮಾನ್ಯ ಮಾಡಿತು. ಹುಬಾರಾಗಳನ್ನು ಕೇಂದ್ರಗಳಲ್ಲಿ ಮರಿಮಾಡಿಸಿ ಬಿಡುವ ಕೆಲಸ ನಡೆಯುತ್ತಿದೆ. ಪರವಾನಗಿ, ಋತು, ಅನುಮತಿಯಿರುವ ಜಾತಿಗಳ ಪಟ್ಟಿ ಇವುಗಳೊಳಗೆ ಮಾತ್ರ ಬೇಟೆ ಸಾಧ್ಯ. ತಮ್ಮ ನೆಲದಲ್ಲಿ ಹುಬಾರಾ ವಿರಳವಾದಾಗ ಸಿರಿವಂತ ಬೇಟೆಗಾರರು ಪಾಕಿಸ್ತಾನದ ಮರುಭೂಮಿಗಳತ್ತ ತಿರುಗಿದರು. ಅಲ್ಲಿನ ಸುಪ್ರೀಂ ಕೋರ್ಟ್ 2015ರ ಆಗಸ್ಟ್‌ನಲ್ಲಿ ಈ ಬೇಟೆಯನ್ನು ಪೂರ್ಣ ನಿಷೇಧಿಸಿ, 2016ರ ಜನವರಿಯಲ್ಲಿ ಆ ನಿಷೇಧವನ್ನು ತೆರವುಗೊಳಿಸಿತು. ವಿವಾದ ಇನ್ನೂ ತಣ್ಣಗಾಗಿಲ್ಲ.

ನಮ್ಮ ದೇಶದಲ್ಲಿಯೂ ಥಾರ್ ಮರುಭೂಮಿಯಲ್ಲಿ ದಬ್ಬ್ ಕುಲಕ್ಕೆ ಸೇರಿದ ಪ್ರಾಣಿಯಿದೆ. ಸಂತೆ ಬೀದಿಗಳಲ್ಲಿ ನೋವಿನ ಮದ್ದೆಂದು ಮಾರುವ ಸಾಂಡಾ ಎಣ್ಣೆಗಾಗಿ ಅದನ್ನು ಕೊಲ್ಲುತ್ತಾರೆ. ಓರಿಕ್ಸ್ ಅಳಿದ ಅದೇ 1972ರಲ್ಲಿ ಜಾರಿಗೆ ಬಂದ ವನ್ಯಜೀವಿ ಸಂರಕ್ಷಣಾ ಕಾಯ್ದೆಯು ಅದಕ್ಕೂ ನಮ್ಮ ಹೊಲಗಳ ಮೊಲಕ್ಕೂ ರಕ್ಷಣೆ ನೀಡಿದೆ. ಮೊಲದ ಮಾಂಸ ಹಲಾಲ್ ಎಂಬ ಮಾತನ್ನು ಆ ಕಾಯ್ದೆ ಮುರಿಯಲು ನೆಪವಾಗಿ ಬಳಸುವವರಿದ್ದರೆ, ಅವರು ಅಲ್ ಮಾಇದಃದ ಅರ್ಧವನ್ನು ಮಾತ್ರ ಓದಿದ್ದಾರೆ ಎನ್ನಬೇಕು. ಹಲಾಲ್ ಆದುದನ್ನೂ ಕಾಲ ಮತ್ತು ಸ್ಥಳ ನೋಡಿ ಬಿಡಬೇಕಾಗುತ್ತದೆಂಬುದನ್ನು ಕಲಿಸುವುದೇ ಆ ಅಧ್ಯಾಯದ ಇನ್ನರ್ಧ.

ಆದ್ದರಿಂದ ಆ ಸೂಕ್ತಗಳು ಬೇಟೆಯಾಡದ ನಮಗೂ ಸಂಬಂಧಿಸಿವೆ. ಅಂದಿನ ಜನರಿಗೆ ಕೈಗೆಟುಕುವ ಬೇಟೆ ಯಾತ್ರೆಯ ಕೆಲವು ದಿನಗಳ ಪರೀಕ್ಷೆಯಾಗಿತ್ತು. ನೀರು, ಮರಳು, ಮೀನು, ಅರಣ್ಯ ಹೀಗೆ ಎಲ್ಲವೂ ಯಂತ್ರದ ಬಲದಿಂದ ಕೈಗೆಟುಕುವ ಇಂದಿನ ಕಾಲದಲ್ಲಿ ಆ ಪರೀಕ್ಷೆ ಪ್ರತಿದಿನದ್ದು. ಯಾರೂ ಕಾಣದಿದ್ದಾಗಲೂ ತನ್ನನ್ನು ಭಯಪಡುವವನು ಯಾರೆಂದು ತಿಳಿಯುವುದಕ್ಕಾಗಿ ಈ ಪರೀಕ್ಷೆಯೆಂದು ಅಲ್ಲಾಹನು ಅದೇ ಸೂಕ್ತದಲ್ಲಿ ತಿಳಿಸಿದ್ದಾನೆ. ಮಕ್ಕಳಿಗೆ ಈ ಭಾಗವನ್ನು ಓದಿಸುವಾಗ ಉಮರ್(ರ) ಅವರು ಇಲಿಯ ಜೀವಕ್ಕೆ ನಿಗದಿಪಡಿಸಿದ ಆಡುಮರಿಯ ಕಥೆಯನ್ನೂ ಹೇಳೋಣ. ಅನುಮತಿಸಿದ್ದನ್ನು ಕೃತಜ್ಞತೆಯಿಂದ ಅನುಭವಿಸುವ, ತಡೆದಲ್ಲಿ ಕೈ ಹಿಂತೆಗೆಯುವ ಸೌಭಾಗ್ಯವನ್ನು ಅಲ್ಲಾಹನು ನಮಗೂ ನಮ್ಮ ಸಂತತಿಗೂ ಕರುಣಿಸಲಿ. ಆಮೀನ್.